ಮಲ್ಲಿಗಮ್ಮನ ಸಿ.ಡಿ.

"ಅಕ್ಕಾ, ಇದ್ರಲ್ಲಿ ಏನೂ ಇಲ್ವಾ?" ಧನುಶ್ರೀ ಮತ್ತೆ ಕೇಳಿದಳು.

ಸಂಘಮಿತ್ರಾ ತಲೆಯಾಡಿಸಿದಳು. ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹಿಂದೆ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಅವಳದು. ಮೂರು ಡ್ರೈವಿಗೆ ಹಾಕಿ ನೋಡಿದ್ದಳು. ಮೂರೂ ಹೇಳಿದ್ದು ಒಂದೇ: ಖಾಲಿ ಸಿ.ಡಿ.

ಎದುರಿನ ಸ್ಟೂಲಿನ ಮೇಲೆ ಧನುಶ್ರೀಯ ಅಜ್ಜಿ ಮಲ್ಲಿಗಮ್ಮ ಕೂತಿದ್ದರು. ಅರಕಲಗೂಡು ಸೀಮೆಯಲ್ಲಿ ಅವರಿಲ್ಲದೆ ಮದುವೆಮನೆಯ ಸೋಬಾನೆ ಶುರುವಾಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ದನಿ ಹೋಯಿತು. ಯಾರೋ ಮೇಷ್ಟ್ರು ಹಿಂದೊಮ್ಮೆ ರೆಕಾರ್ಡ್ ಮಾಡಿಕೊಟ್ಟಿದ್ದ ನಲವತ್ತೊಂದು ಹಾಡು ಈ ಸಿ.ಡಿ.ಯಲ್ಲಿ ಮಾತ್ರ ಇದ್ದವು. ಮೊಮ್ಮಗಳು ಕಲಿಯುವುದಕ್ಕೆ ಬೇರೆ ದಾರಿಯಿರಲಿಲ್ಲ.

"ಯಾರಿಗಾದ್ರೂ ಕೊಟ್ಟಿದ್ರಾ?" ಸಂಘಮಿತ್ರಾ ಕೇಳಿದಳು.

"ಹಾಸನದ ದೇವರಾಜ್ ಅವ್ರಿಗೆ," ಎಂದಳು ಧನುಶ್ರೀ. " ಜಾನಪದ ತಂಡ ಕಟ್ಟವ್ರೆ. ಜುಲೈನಲ್ಲಿ ತಕ್ಕೊಂಡೋಗಿ ವಾರಕ್ಕೇ ವಾಪಸ್ ಕೊಟ್ರು."

ಸಂಘಮಿತ್ರಾ ಅವನಿಗೆ ಫೋನ್ ಮಾಡಿದಳು.

"ನನ್ನ ಡ್ರೈವು ಕೆಟ್ಟು ವರ್ಷ ಆಯ್ತು ಕಣಮ್ಮ. ಅದ್ಕೇ ತಾನೆ ನಿನ್ ಅಂಗ್ಡೀಲಿ ಬುಟ್ಟಿರದು? ಆ ಡಬ್ಬಿನೇ ತೆಗೀನಿಲ್ಲ. ಅಂಗೇ ವಾಪಸ್ ಕೊಟ್ಟೆ. ಹಳೇ ಸಿ.ಡಿ., ಅಳಿಸೋಗಿರ್ತದೆ."

ಮಾತು ನಂಬುವಂತೆಯೇ ಇತ್ತು. ಅವನ ಲ್ಯಾಪ್‌ಟಾಪ್ ನಾಲ್ಕು ದಿನದಿಂದ ಅಂಗಡಿಯ ರ‍್ಯಾಕಿನಲ್ಲಿ ಬಿದ್ದಿದ್ದೂ ನಿಜ.

*

ಸಂಘಮಿತ್ರಾ ಸಿ.ಡಿ.ಯನ್ನು ಬಿಸಿಲಿಗೆ ಹಿಡಿದಳು. ಒಮ್ಮೆ ಬರೆದ ಸಿ.ಡಿ.ಯಲ್ಲಿ ಬರೆದಷ್ಟು ಭಾಗ ಬೇರೆ ಬಣ್ಣದ ಉಂಗುರವಾಗಿ ಕಾಣುತ್ತದೆ. ಹಾಡು ಕೆಟ್ಟರೂ ಉಂಗುರ ಉಳಿಯುತ್ತದೆ. ಇದರಲ್ಲಿ ಉಂಗುರವೇ ಇರಲಿಲ್ಲ.

"ಇದು ನಿಮ್ದಲ್ಲ ಅಜ್ಜಿ. ಯಾರೋ ಬದಲಾಯಿಸವ್ರೆ. ನಿಮ್ಮದಕ್ಕೆ ಗುರುತು ಏನಾದ್ರೂ ಇತ್ತಾ?"

ಮಲ್ಲಿಗಮ್ಮ ಬೆರಳನ್ನು ಹಣೆಗಿಟ್ಟು, ಆಮೇಲೆ ಸಿ.ಡಿ.ಯ ಮೇಲಿಟ್ಟರು.

"ಆಯುಧಪೂಜೆಲಿ ಅಜ್ಜಿ ಪ್ರತಿವರ್ಷ ಸಿ.ಡಿ.ಗೂ ಅರಿಶಿನ ಕುಂಕುಮ ಇಡ್ತಿತ್ತು," ಎಂದಳು ಧನುಶ್ರೀ. "ಅದೇ ನನ್ ಆಯುಧ ಅಂತಿತ್ತು, ಮಾತಾಡೋವಾಗ. ಇದ್ರಲ್ಲಿ ಇಲ್ದಿದ್ದಕ್ಕೆ ಅವ್ರು ಒರ್ಸವ್ರೆ ಅನ್ಕೊಂಡ್ವಿ."

ಸಂಘಮಿತ್ರಾಳ ಕಣ್ಣು ರ‍್ಯಾಕಿನ ಕಡೆ ಹೊರಳಿತು.

*

ದೇವರಾಜನ ಲ್ಯಾಪ್‌ಟಾಪಿಗೆ ಹಿಂದೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವಳು ಅವಳೇ. ಡ್ರೈವ್ ಇರುವುದು ಲಿನಕ್ಸಿಗೆ ಗೊತ್ತಿತ್ತು, ಸಿ.ಡಿ. ಮಾತ್ರ ಓದುತ್ತಿರಲಿಲ್ಲ. ಡ್ರೈವ್ ಬಳಸುವ ಅನುಮತಿ ಸರಿಯಿತ್ತು. ಕನೆಕ್ಷನ್ ಸರಿಯಿತ್ತು. ಕೊನೆಗೆ ಲಾಗ್ ತೆರೆದಳು. ಲಿನಕ್ಸ್ ತನಗಾದ ನೋವನ್ನೆಲ್ಲ ಗಂಟೆ ನಿಮಿಷದ ಸಮೇತ ಬರೆದಿಡುತ್ತದೆ.

ಜುಲೈ ಎಂಟರ ಬೆಳಿಗ್ಗೆವರೆಗೂ ಡ್ರೈವ್ ಚೆನ್ನಾಗಿಯೇ ಓದಿತ್ತು. ಹನ್ನೊಂದೂಕಾಲಿಗೆ ಒಂದು ಸಿ.ಡಿ. ಹಾಕಿದ್ದರು. ಹದಿನೈದು ನಿಮಿಷದ ನಂತರ ಸಾಲು ಸಾಲು ದೋಷ.

ಟ್ರೇ ಎಳೆದಳು. ಸಿ.ಡಿ. ಓದುವ ಲೆನ್ಸಿನ ಮೇಲೆ, ಸುತ್ತಲ ಸಂದಿಯಲ್ಲಿ, ಕೆಂಪು ಹಳದಿ ಪುಡಿ.

ಫೋಟೋ ತೆಗೆದು, ಹತ್ತಿಯಿಂದ ಲೆನ್ಸ್ ಒರೆಸಿ, ಫೋನ್ ಎತ್ತಿಕೊಂಡಳು.

"ರೆಡಿ ಆಗದೆ ಸಾ. ಯಾವ ಸಿ.ಡಿ. ಓದ್ಲಿಲ್ವೋ ಅದನ್ನೇ ತನ್ನಿ. ಅದು ಓದಿದ್ರೇ ಗ್ಯಾರಂಟಿ."

*

ಮಾರನೆಯ ಮಧ್ಯಾಹ್ನ ದೇವರಾಜ್ ಬಂದ. ಅಜ್ಜಿ, ಮೊಮ್ಮಗಳು ರ‍್ಯಾಕಿನ ಹಿಂದೆ ಕೂತಿದ್ದರು. ಅವನು ಕವರಿನಿಂದ ಸಿ.ಡಿ. ತೆಗೆದುಕೊಟ್ಟ. ಗುರುತು ಒರೆಸಿದ್ದರೂ ಅಂಚಿನಲ್ಲಿ ಅರಿಶಿನದ ಕಲೆ ಉಳಿದಿತ್ತು.

ಸಂಘಮಿತ್ರಾ ಹಾಕಿದಳು. ಡ್ರೈವ್ ಗುಂಯ್ ಎಂದಿತು. ಆಮೇಲೆ ಅಂಗಡಿ ತುಂಬ ಒಂದು ದನಿ ಎದ್ದಿತು. ಗಟ್ಟಿ ದನಿ, ಒಂಚೂರೂ ಅಳುಕಿಲ್ಲ. ಹೊರಗೆ ಆಟೋದವನು ಇಂಜಿನ್ ಆರಿಸಿದ. ಇಂಥ ದನಿ ಒಬ್ಬ ಹೆಂಗಸಿನ ಗಂಟಲಿನಲ್ಲಿ ಇತ್ತೇ ಎಂದು ಸಂಘಮಿತ್ರಾ ಕೈಕಟ್ಟಿ ನಿಂತುಬಿಟ್ಟಳು.

ಮಲ್ಲಿಗಮ್ಮ ರ‍್ಯಾಕಿನ ಹಿಂದಿನಿಂದ ಬಂದರು. ದೇವರಾಜ್ ಬಾಗಿಲ ಕಡೆ ನೋಡಿದ.

"ಡಬ್ಬಿನೇ ತೆಗೀಲಿಲ್ಲ ಅಂದ್ರಿ," ಎಂದಳು ಸಂಘಮಿತ್ರಾ. "ಸಿ.ಡಿ. ಗಿರ್ರಂತ ತಿರುಗ್ದಾಗ ಅಜ್ಜಿ ಇಟ್ಟಿದ್ದ ಕುಂಕುಮ ಉದುರಿ ನಿಮ್ ಲೆನ್ಸ್ ಮೇಲೆ ಕೂತದೆ. ಕಾಪಿ ಅರ್ಧಕ್ಕೇ ನಿಂತೋಯ್ತು. ಅದ್ಕೇ ಅಸಲಿ ಇಟ್ಕೊಂಡು ಖಾಲಿದು ಕೊಟ್ರಿ. ಮಿಕ್ಕಿದ್ದು ಕಾಪಿ ಮಾಡೋಕೇ ರಿಪೇರಿಗೆ ತಂದ್ರಿ."

"ಏಳೇ ಹಾಡು ಬಂದಿದ್ದು," ದೇವರಾಜ್ ತಲೆ ತಗ್ಗಿಸಿದ. "ನಮ್ ತಂಡದ ಹೆಸ್ರಲ್ಲಿ ಬಿಡಾನ ಅಂತಿದ್ದೆ. ತಪ್ಪಾಯ್ತು ಕಣವ್ವಾ."

ಮಲ್ಲಿಗಮ್ಮ ಅವನ ಕಡೆ ನೋಡಲೂ ಇಲ್ಲ. ಎರಡು ವರ್ಷದ ಮೇಲೆ ತಮ್ಮದೇ ದನಿ ಕೇಳುತ್ತಿದ್ದರು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

ಮೊದಲ ಹಾಡು ಮುಗಿಯಿತು. ಅಜ್ಜಿ ಕೈಯೆತ್ತಿ ನಿಲ್ಲಿಸಲು ಸನ್ನೆ ಮಾಡಿ, ಧನುಶ್ರೀಯ ಗಲ್ಲ ಹಿಡಿದರು. ಹುಡುಗಿ ಒಂದು ಸಾಲು ಹಾಡಿದಳು. ಅಜ್ಜಿ ಅಲ್ಲವೆಂದು ತಲೆಯಾಡಿಸಿ ಮೇಜಿನ ಮೇಲೆ ತಾಳ ತಟ್ಟಿದರು. ಮತ್ತೆ ಹಾಡಿದಳು. ಈ ಸಲ ಅಜ್ಜಿಯ ಕೈ ನಿಲ್ಲಲಿಲ್ಲ, ಮುಂದಿನ ಸಾಲಿಗೂ ತಟ್ಟಿತು.