ಘಟ್ಟದ ತಿರುವಿನಲ್ಲಿ ಎತ್ತಿದ ಕೈ

ಕೃಷ್ಣೆಯ ದಡದ ಯಡೂರಿನಲ್ಲಿ ಖಡ್ಗಧಾರಿಯಾಗಿ ನಿಂತ ಶ್ರೀ ವೀರಭದ್ರನಿಗೆ ಮೊದಲ ನಮಸ್ಕಾರ. ದಕ್ಷನ ಯಜ್ಞಶಾಲೆಯಲ್ಲಿ ಮದವನ್ನು ಮುರಿದವನೇ, ಶರಣೆಂದವರ ಮೇಲೆ ಕರುಣೆಯ ಕಣ್ಣು ತೆರೆಯುವವನೇ, ದಾರಿ ಕಾಯುವವರನ್ನು ಕಾಯುವವನೇ, ಈ ಕಥೆ ಮುಗಿಯುವವರೆಗೆ ನುಡಿಯುವ ನಾಲಗೆಯ ಮೇಲೆ ನೀನು ನೆಲೆಸಿರು.

ಸನ್ ೧೯೯೧, ಸೆಪ್ಟೆಂಬರ್ ಇಪ್ಪತ್ತೆಂಟು, ಶನಿವಾರ. ಬೆಳಗಿನ ಏಳು ಗಂಟೆ ಇಪ್ಪತ್ತೈದು ನಿಮಿಷಕ್ಕೆ ನಿಪ್ಪಾಣಿಯ ಠಾಣೆಯ ಮೆಟ್ಟಿಲನ್ನು ಒಬ್ಬ ಹೆಂಗಸು ಏದುಸಿರು ಬಿಡುತ್ತ ಏರಿದಳು. ಹೆಸರು ಅಕ್ಕುತಾಯಿ, ಘಟ್ಟದ ದಾರಿಯಿಂದ ದಿನವೂ ನಡೆದು ಬಂದು ತಂಬಾಕಿನ ವಖಾರಿಯಲ್ಲಿ ಕೂಲಿ ಮಾಡುವವಳು. ಅವಳ ಸೀರೆಯ ಸೆರಗಿನಲ್ಲಿ ನಿನ್ನೆಯ ಜರ್ದೆಯ ಘಾಟು ಇನ್ನೂ ಇತ್ತು. ಇನ್‌ಸ್ಪೆಕ್ಟರ್ ವಿರುಪಾಕ್ಷಪ್ಪ ಹಣೆಯ ವಿಭೂತಿ ಆರುವ ಮುನ್ನವೇ ಕಚೇರಿಗೆ ಬಂದು ಕುಳಿತಿದ್ದರು.

"ಸಾಹೇಬ್ರ, ಘಟ್ಟದಾಗ ಹವಾಲ್ದಾರ ಲಗಮಣ್ಣರನ್ನ ಲಾರಿ ಹೊಡದು ಹೋತ್ರಿ. ಜೀವಾ ಅಲ್ಲೇ ಹೋತು."

"ಎಷ್ಟು ಹೊತ್ತಿಗೆ?"

"ವಖಾರಿಯ ಮೊದಲ ಭೋಂಗಾ ಆಗಿ ಹತ್ತ ಮಿನಿಟ್ ಆಗಿತ್ತರಿ."

ಭೋಂಗಾ ಕೂಗುವುದು ಆರೂವರೆಗೆ. ವಿರುಪಾಕ್ಷಪ್ಪ ಕಾಗದದ ಮೇಲೆ ಆರು ಗಂಟೆ ನಲವತ್ತು ನಿಮಿಷವೆಂದು ಬರೆದುಕೊಂಡರು.

"ನೀ ಕಂಡದ್ದೇನು?"

"ರಾತ್ರಿ ಯಾವುದೋ ಲಾರಿ ಕೆಟ್ಟು ನಿಂತಿತ್ತಂತ. ಸುತ್ತ ಇಟ್ಟ ಕಲ್ಲ ತಗೀದ ಹಂಗ ಹೋಗ್ಯಾರ, ಮೂಳರು. ಆ ಕಲ್ಲ ಇವರು ಒಬ್ಬರ ಎತ್ತಿ ಬದಿಗಿ ಹಾಕಾಕತ್ತಿದ್ರು. ಅಷ್ಟರಾಗ ಲಾರಿ ಬಂತು. ಕೈ ಎತ್ತಿದ್ರು, ಸೀಟಿ ಊದಿದ್ರು. ಅಂವಾ ನಿಲ್ಲಸಲಿಲ್ಲ, ಮತ್ತಷ್ಟು ಜೋರ ಮಾಡಿದ."

"ನಂಬರು?"

"ನನಗ ಅಕ್ಷರ ಬರತಿದ್ರ ತಂಬಾಕ ಯಾಕ ಬಡೀತಿದ್ದೆರಿ? ನಿಮ್ಮ ಕುರ್ಚಿ ಮ್ಯಾಲ ನಾನ ಕುಂಡರತಿದ್ದೆ. ನೀಲಿ ಲಾರಿ, ಮ್ಯಾಲ ತಾಡಪತ್ರಿ. ಎಡಗಡೆ ದೀಪ ಒಡದ ಹೋಗೇತಿ. ಇಷ್ಟ ಗೊತ್ತು."

ಅವಳ ಹೇಳಿಕೆಯ ಮೇಲೆ ಎಫ್‌ಐಆರ್ ದಾಖಲಾಯಿತು. ಅಜಾಗರೂಕ ಚಾಲನೆ, ಅದರಿಂದ ಸಾವು, ನಿಲ್ಲಿಸದೆ ಪರಾರಿ.

ಎಂಟೂಕಾಲಿಗೆ ವಿರುಪಾಕ್ಷಪ್ಪ ತವಂದಿ ಘಟ್ಟದ ತಿರುವಿನಲ್ಲಿದ್ದರು. ರಸ್ತೆಯ ಎಡಕ್ಕೆ ಆಳವಾದ ಕಮರಿ. ಹನ್ನೊಂದು ಕಲ್ಲುಗಳು ಅಂಚಿಗೆ ಸರಿದಿದ್ದವು; ಮೂರು ಇನ್ನೂ ನಡುರಸ್ತೆಯಲ್ಲಿದ್ದವು. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು: ದೀಪದ ಗಾಜಿನ ಏಳು ಚೂರು, ನೀಲಿ ಬಣ್ಣ ಹತ್ತಿದ ಗೇಣುದ್ದದ ಕಟ್ಟಿಗೆಯ ಸೀಳು, ಒಂದು ಸೀಟಿ. ಸಮವಸ್ತ್ರದಲ್ಲೇ ಮಲಗಿದ್ದ ಲಗಮಣ್ಣನ ಅಂಗೈಗಳಿಗೆ ಕಲ್ಲಿನ ಮಣ್ಣು ಮೆತ್ತಿತ್ತು. ವಿರುಪಾಕ್ಷಪ್ಪ ಟೋಪಿ ತೆಗೆದು, ಮನಸ್ಸಿನಲ್ಲೇ ಮೃತ್ಯುಂಜಯನನ್ನು ನೆನೆದರು.

ತೊಡಕು ಹುಟ್ಟಿದ್ದು ಆಮೇಲೆ, ಘಟ್ಟದ ಬುಡದಲ್ಲಿರುವ ಹೆದ್ದಾರಿ ಗಸ್ತು ಚೌಕಿಯಲ್ಲಿ. ಅಲ್ಲಿನ ಪಾಳಿ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಬೆಳಿಗ್ಗೆ ಆರು ಗಂಟೆಗೆ ಹವಾಲ್ದಾರ ಲಗಮಣ್ಣ ಪಾಳಿ ಒಪ್ಪಿಸಿದರು, ಪೇದೆ ಇಬ್ರಾಹಿಮ ವಹಿಸಿಕೊಂಡರು. ಕೆಳಗೆ ಇಬ್ಬರ ಸಹಿ. ಸಾವು ಸಂಭವಿಸಿದ್ದು ಆರು ನಲವತ್ತಕ್ಕೆ. ವಿರುಪಾಕ್ಷಪ್ಪ ಇದ್ದದ್ದನ್ನು ಇದ್ದಂತೆ ವರದಿ ಮಾಡಿದರು. ಮೇಲಧಿಕಾರಿಗಳು ಅದರ ಮೇಲೆ ಒಂದೇ ಸಾಲು ಬರೆದರು: ಕರ್ತವ್ಯ ಮುಗಿದ ಬಳಿಕ ಮೃತ.

ಆ ಸಾಲಿನ ಅರ್ಥವನ್ನು ಕರೋಶಿ ಊರಿನ ಮನೆಯಲ್ಲಿ ಲಗಮಣ್ಣನ ಹೆಂಡತಿ ಚನ್ನವ್ವನಿಗೆ ಬಿಡಿಸಿ ಹೇಳುವ ಹೊಣೆ ವಿರುಪಾಕ್ಷಪ್ಪನವರದೇ ಆಯಿತು. ಅಕ್ಟೋಬರ್ ಇಪ್ಪತ್ತೊಂದು ಹುತಾತ್ಮ ಪೊಲೀಸರ ದಿನ. ಆ ವರ್ಷ ಕರ್ತವ್ಯದಲ್ಲಿ ಮಡಿದವರ ಹೆಸರುಗಳನ್ನು ಬೆಳಗಾವಿಯ ಕವಾಯತು ಮೈದಾನದಲ್ಲಿ ಓದಿ, ಗುಂಡು ಹಾರಿಸಿ ವಂದಿಸುತ್ತಾರೆ. ಪಟ್ಟಿ ಮುಚ್ಚುವುದು ಹತ್ತೊಂಬತ್ತರ ಸಂಜೆ. ಲಗಮಣ್ಣನ ಹೆಸರು ಅದರಲ್ಲಿ ಬರುವಂತಿರಲಿಲ್ಲ.

"ಅಂದ್ರ ನಮ್ಮವರು ರಸ್ತಾದಾಗ ಸುಮ್ನ ಹೊಂಟಿದ್ದರೇನ್ರಿ?" ಚನ್ನವ್ವ ಕೇಳಿದಳು.

"ಪುಸ್ತಕ ಹಂಗ ಹೇಳತೈತಿ, ತಂಗಿ."

"ಮೈಮ್ಯಾಲಿನ ಖಾಕಿ ಏನ ಹೇಳತೈತ್ರಿ? ಬ್ಯಾರೇ ಏನೂ ಬೇಡೂದಿಲ್ಲ ನಾನು. ಅವರ ಹೆಸರ ಕೂಗಬೇಕು. ಇಪ್ಪತ್ತಾರ ವರ್ಷ ಆ ರಸ್ತಾ ಕಾದಾರ."

ವಿರುಪಾಕ್ಷಪ್ಪ ಠಾಣೆಗೆ ಮರಳಿ ಕಡತವನ್ನು ಮತ್ತೆ ತೆರೆದರು. ಆಪಾದಿತ ಸಿಗಬೇಕು, ಪುಸ್ತಕದ ನಲವತ್ತು ನಿಮಿಷಗಳ ನಿಜವೂ ಸಿಗಬೇಕು. ಎರಡರಲ್ಲಿ ಒಂದೇ ಸಿಕ್ಕರೆ ಧರ್ಮ ಅರೆಬರೆಯೇ.

ಅಂದಿನಿಂದ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಗ್ಯಾರೇಜುಗಳಿಗೆಲ್ಲ ಸೂಚನೆ ಹೋಯಿತು: ಎಡದೀಪ ಒಡೆದ ನೀಲಿ ಲಾರಿ ದುರಸ್ತಿಗೆ ಬಂದರೆ ತಿಳಿಸಬೇಕು. ಹದಿನೈದು ದಿನಗಳಲ್ಲಿ ಮೂವತ್ತೊಂದು ಲಾರಿಗಳ ತಪಾಸಣೆಯಾಯಿತು. ಯಾವುದರ ಗಾಯವೂ ಆ ಏಳು ಚೂರುಗಳಿಗೆ ಹೊಂದಲಿಲ್ಲ. ಮಗ್ಗಿ ಒಪ್ಪಿಸುವ ಮಕ್ಕಳಂತೆ ಪೇದೆಗಳು ಸಂಜೆ ಸಂಜೆ ಬಂದು "ಇಲ್ರಿ ಸಾಹೇಬ್ರ" ಎನ್ನುತ್ತಿದ್ದರು.

ಹೀಗಿರಲು ಖಂಡೆನವಮಿ ಬಂತು. ಪಟ್ಟಿ ಮುಚ್ಚಲು ಉಳಿದದ್ದು ಬೆರಳೆಣಿಕೆಯ ದಿನ. ಆಯುಧವೇ ಅನ್ನವಾದವರಿಗೆ ಅಂದು ಆಯುಧವೇ ದೇವರು. ಬೆಳಿಗ್ಗೆ ಒಂಬತ್ತಕ್ಕೆ ವಿರುಪಾಕ್ಷಪ್ಪ ಗಸ್ತು ಚೌಕಿಗೆ ಪೂಜೆಗೆ ಹೋದರು. ಬಂದೂಕು, ಲಾಠಿಗಳಿಗೆ ಕುಂಕುಮವೇರಿತ್ತು. ಜೀಪು ಮಾತ್ರ ಬರಿಗೊರಳಲ್ಲಿ ನಿಂತಿತ್ತು. ಪ್ರತಿವರ್ಷ ಅದಕ್ಕೆ ಹಾರ ಕಟ್ಟುವವನು ಭೋಜ ಊರಿನ ಇಬ್ರಾಹಿಮ. ಅದು ಅವನ ಹಟದ ಹಕ್ಕು. ಲಗಮಣ್ಣ ಕಟ್ಟಲು ಹೋದರೂ ಬಿಡುತ್ತಿರಲಿಲ್ಲ. ಇಂದು ಬೇವಿನ ಮರದ ಆಚೆ ದೂರ ನಿಂತಿದ್ದ.

"ಯಾಕೋ ಇಬ್ರಾಹಿಮ, ಹೂವು ಬಾಡಾಕತ್ತಾವ."

"ನನ್ನ ಕೈಲೆ ಬ್ಯಾಡ್ರಿ ಸಾಹೇಬ್ರ."

"ಕೈಗೆ ಏನಾಗೇತಿ?"

ಇಬ್ರಾಹಿಮ ನೆಲ ನೋಡಿದ. "ಸುಳ್ಳ ಬರದೈತ್ರಿ ಈ ಕೈ. ಅವತ್ತು ನಾ ಆರಕ್ಕ ಬಂದಿರಲಿಲ್ಲ. ಭೋಜದ ಬಸ್ಸು ನಡುದಾರ್ಯಾಗ ಕೆಟ್ಟು ನಿಂತಿತ್ತು. ಚೌಕಿಗೆ ಬಂದದ್ದು ಏಳೂಕಾಲಕ್ಕ. ಹಿಂದಿನ ದಿನಾನ ಇಬ್ಬರೂ ಸಹಿ ಮಾಡಿಡೂದು ನಮ್ಮ ರೂಢಿರಿ. ನಾ ಬರೂತನಕ ಅಣ್ಣಾ ಒಂದ ದಿನಾನೂ ಪಾಳಿ ಬಿಟ್ಟು ಹೋಗಿಲ್ಲ. ಅವತ್ತೂ ಬಿಟ್ಟಿರಲಿಲ್ಲ."

"ಇಷ್ಟ ದಿನ ಯಾಕ ಬಾಯಿ ಬಿಡಲಿಲ್ಲ?"

"ಅಂಜಿದೆರಿ. ನೌಕರಿ ಹೋದ್ರ ಮನ್ಯಾಗ ಹೆಂಡ್ತಿ ಕುಲಸುಂಬಿಗೆ ಏನ ಹೇಳಲಿ ಅಂತ. ನಿನ್ನೆ ಆಕೀಗೇ ಎಲ್ಲಾ ಹೇಳಿದೆ. ಮೊದಲ ಖರೇ ಹೇಳಿ ಬಾ, ಆಮ್ಯಾಲ ಊಟಕ್ಕ ಕುಂಡ್ರು ಅಂದಳು. ಬರದ ಕೊಡತೀನ್ರಿ, ಏನ ಶಿಕ್ಷಾ ಆದ್ರೂ ಆಗಲಿ."

ಹತ್ತು ನಿಮಿಷದಲ್ಲಿ ಹೇಳಿಕೆ ಕಾಗದಕ್ಕಿಳಿಯಿತು. ಬಸ್ಸು ಕೆಟ್ಟ ವೇಳೆ ಡಿಪೋದ ದಾಖಲೆಯಲ್ಲಿ ಇದ್ದೇ ಇತ್ತು. ಒಬ್ಬ ಪೇದೆ ಅದರ ನಕಲು ತರಲು ಹೊರಟ. ಆದರೆ ವಿರುಪಾಕ್ಷಪ್ಪನವರ ಕಣ್ಣು ಹಾರವಿಲ್ಲದ ಜೀಪಿನ ಮೇಲೆಯೇ ನೆಟ್ಟಿತ್ತು. ಸಣ್ಣದೊಂದು ಸುಳ್ಳು ಬರೆದವನಿಗೇ ಹೂವು ಮುಟ್ಟಲು ಕೈ ಬಾರದಿದ್ದರೆ, ಮನುಷ್ಯನ ಪ್ರಾಣ ತೆಗೆದ ಗಾಡಿಗೆ ಅದರ ಒಡೆಯ ಇಂದು ಹಾರ ಹಾಕಿಯಾನೇ? ಈ ಸೀಮೆಯಲ್ಲಿ ರಕ್ತ ಕಂಡ ಗಾಡಿಯನ್ನು ಶಾಂತಿ ಮಾಡಿಸದೆ ಯಾರೂ ಪೂಜೆಗೆ ನಿಲ್ಲಿಸುವುದಿಲ್ಲ. ಶಾಂತಿ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ.

ಅವರು ಆಜ್ಞೆ ಬದಲಿಸಿದರು. "ಇವತ್ತು ಲಾರಿ ಹುಡುಕಬ್ಯಾಡ್ರಿ. ಹೂವಿನವರನ್ನ ಹುಡುಕ್ರಿ. ಪ್ರತಿವರ್ಷ ಹಾರ ಒಯ್ಯಾವ ಯಾರು ಈ ವರ್ಷ ಬಂದಿಲ್ಲ ಅಂತ ಕೇಳ್ರಿ."

ನಾಲ್ಕು ಊರುಗಳಿಗೆ ನಾಲ್ಕು ತಂಡ. ಕಾಗವಾಡಕ್ಕೆ ತಾವೇ ಹೋದರು. ಜೀಪು ನಡೆಸಿದವನು ಇಬ್ರಾಹಿಮ. ಮಧ್ಯಾಹ್ನ ಒಂದೂವರೆಗೆ, ಚೆಂಡುಹೂವಿನ ರಾಶಿಯ ಹಿಂದೆ ಕುಳಿತಿದ್ದ ಕೆಂಪವ್ವ ಪೊಲೀಸರನ್ನು ಕಂಡು ನಕ್ಕಳು.

"ಬರ್ರಿ ಬರ್ರಿ. ಪೊಲೀಸರು ಕೊಂಡಕೊಳ್ಳಾಕ ಬಂದೀರೋ, ಹಂಗ ಒಯ್ಯಾಕ ಬಂದೀರೋ?"

"ಕೇಳಾಕ ಬಂದೀವಿ, ಅವ್ವಾ. ಈ ವರ್ಷ ನಿನ್ನ ಹಾರ ತಪ್ಪಿಸಿದ ಲಾರಿ ಯಾವುದು?"

"ಅದನ್ನ ನಾ ಬೆಳಗಿನಿಂದ ಬಯ್ಯಾಕತ್ತೀನ್ರಿ! ಮುರಗೆಪ್ಪ. ಪ್ರತಿವರ್ಷ ಎಲ್ಲಾರಿಗಿಂತ ಮೊದಲ ಬಂದು ಏಳ ಮೊಳದ ಹಾರ ಒಯ್ಯತಿದ್ದ. ಕಟ್ಟಿಟ್ಟ ಹಾರ ಬಾಡಿ ಹೋತು. ಮೂರ ವಾರಾತು, ಲಾರೀನೂ ಕಾಣವಲ್ದು, ಅಂವನೂ ಕಾಣವಲ್ಲ. ಅಡ್ಡಾಡೂದ ಬಿಟ್ಟು ಗಾಣದ ಮನ್ಯಾಗ ಕುಂತಾನಂತ."

ಗಾಣದ ಮನೆ ಊರಾಚೆಯ ಕಬ್ಬಿನ ನಡುವೆ ಇತ್ತು. ಅದರ ಹಿತ್ತಿಲಲ್ಲಿ ಕಬ್ಬಿನ ಒಣ ಎಲೆಯ ರವದಿಯ ಬಣವೆಯೊಂದು ತೀರ ಉದ್ದನೆಯ ಆಕಾರದಲ್ಲಿ ನಿಂತಿತ್ತು. ಇಬ್ರಾಹಿಮ ಎರಡು ಹಿಡಿ ಎಳೆದ. ಒಳಗಿನಿಂದ ನೀಲಿ ಬಣ್ಣ ಇಣುಕಿತು. ಎಡದೀಪದ ಗೂಡಿನಲ್ಲಿ ಗಾಜಿನ ಅಂಚು ಉಳಿದಿತ್ತು. ಪಂಚರ ಮುಂದೆ ಏಳು ಚೂರುಗಳನ್ನು ಒಂದೊಂದಾಗಿ ಹಿಡಿದು ನೋಡಲಾಯಿತು, ಏಳೂ ಕೂಡಿದವು. ನೀಲಿ ಸೀಳು ಪಕ್ಕದ ಹಲಗೆಯ ಮುರುಕಿನಲ್ಲಿ ಎಳೆಗೆ ಎಳೆ ಕೂತಿತು.

ಮುರಗೆಪ್ಪ ಒಳಗಿನಿಂದ ತಾನಾಗಿಯೇ ಎದ್ದು ಬಂದ. ನಲವತ್ತರ ಗಟ್ಟಿ ಆಳು. ಹತ್ತಾರು ದಿನಗಳ ಗಡ್ಡ.

"ಹಾರ ಯಾಕ ಹಾಕಲಿಲ್ಲ, ಮುರಗೆಪ್ಪ?"

"ಹ್ಯಾಂಗ ಹಾಕಲಿರಿ? ಜೀವಾ ತಗೊಂಡೈತಿ ಅದು. ದೇವರ ಮುಂದ ನಿಲ್ಲಸಾಕ ಧೈರ್ಯ ಆಗಲಿಲ್ಲ."

"ಅವತ್ತು ಯಾಕ ನಿಲ್ಲಸಲಿಲ್ಲ?"

ಅವನು ತಡೆದು ತಡೆದು ಹೇಳಿದ. ಲಾರಿಯಲ್ಲಿ ಬೆಲ್ಲದ ಹೇರು ಮಿತಿ ಮೀರಿತ್ತು. ಎರಡು ವರ್ಷದ ಹಿಂದೆ ಇಂಥದೇ ತಪ್ಪಿಗೆ ಲೈಸೆನ್ಸ್ ಹೋಗಿ, ಮೂರು ತಿಂಗಳು ಸ್ವಂತ ಊರಿನಲ್ಲೇ ಹಮಾಲಿ ಮಾಡಿದ್ದ. ಒಂದು ಕಾಲಕ್ಕೆ ತನ್ನ ಲಾರಿಗೆ ಹೇರು ತುಂಬಿದವರು ಅವನನ್ನು ಹೆಸರು ಹಿಡಿದು ಕೂಗಿ ನಕ್ಕಿದ್ದರು. "ಖಾಕಿ ಕೈ ಕಂಡಕೂಡಲೇ ಆ ನಗಿನ ಕೇಳಿಸಿತ್ರಿ. ಬ್ಯಾರೇ ಏನೂ ಕಾಣಲಿಲ್ಲ. ಕಲ್ಲೂ ಕಾಣಲಿಲ್ಲ."

"ಕಲ್ಲಿಗೆ ಬಡದಿದ್ರ ನೀ ಕಮರ್ಯಾಗ ಇರತಿದ್ದಿ," ಎಂದರು ವಿರುಪಾಕ್ಷಪ್ಪ. "ಹನ್ನೊಂದು ಕಲ್ಲು ಆಗಲೇ ಸರಿಸಿದ್ರು. ಉಳಿದ ಮೂರಕ್ಕ ನೀ ಬಲಿ ಆಗಬಾರದಂತ ಕೈ ಎತ್ತಿದ್ರು. ನಿನ್ನ ಹಿಡಿಯಾಕ ಅಲ್ಲೋ."

ಮುರಗೆಪ್ಪ ರವದಿಯ ಮೇಲೆ ಕುಸಿದು ಕುಳಿತ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ದಸ್ತಗಿರಿ ಆಯಿತು. ಅವನಿಗೆ ಕೋಳ ತೊಡಿಸುವಾಗ ಇಬ್ರಾಹಿಮ ಬಿಗಿಯಾಗಿ ಹಿಡಿದನೇ ಹೊರತು ಕೈ ಮಾಡಲಿಲ್ಲ. ಭಯವು ಎಂಥ ನೆಟ್ಟನೆಯ ಮನುಷ್ಯನನ್ನೂ ಕುರುಡಾಗಿಸುವುದೆಂದು ಅವನು ಬಲ್ಲವನಾಗಿದ್ದ.

ಹೇಳಿಕೆ, ಡಿಪೋದ ನಕಲು, ಅಕ್ಕುತಾಯಿಯ ಮಾತು ಮೂರೂ ಕೂಡಿದ ವರದಿಯನ್ನು ವಿರುಪಾಕ್ಷಪ್ಪ ಕೈಯಾರೆ ಬೆಳಗಾವಿಗೆ ಒಯ್ದರು. ತಮ್ಮ ಮೊದಲ ವರದಿ ತಪ್ಪೆಂದು ಅದರಲ್ಲಿ ತಾವೇ ಬರೆದಿದ್ದರು. ಹತ್ತೊಂಬತ್ತರ ಸಂಜೆ ಐದಕ್ಕೆ ಹಳೆಯ ಸಾಲನ್ನು ಮೇಲಧಿಕಾರಿಗಳು ಹೊಡೆದುಹಾಕಿ, ಹೊಸದಾಗಿ ಬರೆದರು: ಕರ್ತವ್ಯನಿರತರಾಗಿದ್ದಾಗ ಹುತಾತ್ಮ. ಇಬ್ರಾಹಿಮನಿಗೆ ಒಂದು ವರ್ಷದ ಬಡ್ತಿ ತಡೆಯಾಯಿತು. ಅವನು ಆ ಕಾಗದವನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡ.

ಅಕ್ಟೋಬರ್ ಇಪ್ಪತ್ತೊಂದು, ಸೋಮವಾರ, ಬೆಳಗಿನ ಎಂಟು ಗಂಟೆ. ಕವಾಯತು ಮೈದಾನದಲ್ಲಿ ಹೆದ್ದಾರಿ ಗಸ್ತಿನವರೆಲ್ಲ ಒಂದೇ ಸಾಲಾಗಿ ನಿಂತಿದ್ದರು. ವಖಾರಿಯ ಹೆಂಗಸರು ರಜೆ ಹಾಕಿ ಟೆಂಪೊದಲ್ಲಿ ಬಂದಿದ್ದರು. ಅಕ್ಕುತಾಯಿ ಎಲ್ಲರಿಗೂ ಸುಮ್ಮನಿರುವಂತೆ ಗದರುತ್ತಿದ್ದಳು. ಹೆಸರುಗಳು ಒಂದೊಂದಾಗಿ ಮೊಳಗಿದವು. "ಹವಾಲ್ದಾರ ಲಗಮಣ್ಣ, ಕರೋಶಿ" ಎಂದು ಧ್ವನಿವರ್ಧಕ ನುಡಿದಾಗ ಮೂರು ಸುತ್ತಿನ ಗುಂಡುಗಳು ಆಕಾಶಕ್ಕೆ ಸಿಡಿದವು. ಚನ್ನವ್ವ ಅಳಲಿಲ್ಲ; ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

ಸ್ಮಾರಕದ ಬಳಿಗೆ ಒಯ್ಯಬೇಕಾದ ಪುಷ್ಪಚಕ್ರ ದೊಡ್ಡದಿತ್ತು. ಅವಳು ಸುತ್ತ ನೋಡಿ, ಹಿಂದಿನ ಸಾಲಿನಲ್ಲಿ ಮರೆಯಾಗಿ ನಿಂತಿದ್ದವನನ್ನು ಕರೆದಳು.

"ಬಾರೋ ತಮ್ಮಾ ಇಬ್ರಾಹಿಮ. ಇದು ಒಬ್ಬಾಕಿಗೆ ಎತ್ತಾಕ ಆಗೂದಿಲ್ಲ."

ಇಬ್ರಾಹಿಮ ಮುಂದೆ ಬಂದ. ಇಬ್ಬರೂ ಆಚೀಚೆ ಹಿಡಿದು ನಡೆದರು. ಕಹಳೆ ಮೊಳಗಿತು. ವಿರುಪಾಕ್ಷಪ್ಪ ವಂದನೆಗೆ ಎತ್ತಿದ ಕೈಯನ್ನು ಅವರು ಹಿಂದಿರುಗುವವರೆಗೂ ಇಳಿಸಲಿಲ್ಲ.

ಇದನ್ನು ಓದಿದವರ, ಕೇಳಿದವರ ಮನೆಯಿಂದ ಹೊರಟವರೆಲ್ಲ ಸುಖವಾಗಿ ಮನೆ ಸೇರಲಿ. ಬಿಸಿಲು ಮಳೆಯೆನ್ನದೆ ದಾರಿ ಕಾಯುವವರ ಆಯುಷ್ಯ ಬೆಳೆಯಲಿ. ಕಾಯುತ್ತಲೇ ಮಡಿದವರ ಹೆಸರು ಮಾಸದಿರಲಿ. ಯಡೂರಿನ ಒಡೆಯ ಸರ್ವರಿಗೂ ಮಂಗಳವನ್ನುಂಟುಮಾಡಲಿ.