ಕಮರುದ್ದೀನಿನಲ್ಲಿ ಮುಳುಗಿದ ಮೆದುಳು

ಮೊದಲೇ ಹೇಳಿಬಿಡುತ್ತೇನೆ. ಕೈರೋದ ಇಡೀ ಶುಬ್ರಾ ಬಡಾವಣೆಯಲ್ಲಿ ನನ್ನಂಥ ಪತ್ತೇದಾರ ಇನ್ನೊಬ್ಬನಿಲ್ಲ. ಪೊಲೀಸರು ಬೂಟು ಹಾಕಿಕೊಳ್ಳುವಷ್ಟರಲ್ಲಿ ಈ ಝೀಝೋ ಕೊಲೆಗಾರನ ಕಾಲರ್ ಹಿಡಿದಿರುತ್ತಾನೆ. ನಂಬಿಕೆ ಬರುತ್ತಿಲ್ಲವೇ? ಸೀಟಿ ರೆಡಿ ಇಟ್ಟುಕೊಂಡು ಕೂತುಕೊಳ್ಳಿ. ಹೀರೋ ಬಂದಾಯಿತು.

ಕೊಲೆ ನಡೆದದ್ದು ರಂಜಾನಿನ ಇಪ್ಪತ್ತೆರಡನೆಯ ದಿನ. ಇಫ್ತಾರಿಗೆ ಇನ್ನೂ ಒಂದು ಗಂಟೆಯಿತ್ತು. ಜಾಗ, ಇನ್ಶಿರಾಹ್ ಅಬ್ಲಾ ಅವರ ಅಡುಗೆಮನೆ. ನಲವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಟೀಚರ್ ಅವರು, ಅದಕ್ಕೇ ಎಲ್ಲರ ಬಾಯಲ್ಲೂ 'ಅಬ್ಲಾ'. ಬೀದಿಯ ಅರ್ಧ ಜನ ಅವರ ಕೈಲಿ ಕಿವಿ ಹಿಂಡಿಸಿಕೊಂಡವರೇ. ಹೆಣ ಸಿಕ್ಕಿದ್ದು ಗಾಜಿನ ಬಟ್ಟಲಿನಲ್ಲಿ, ಉಪವಾಸ ಬಿಡಲು ಮಾಡಿಟ್ಟಿದ್ದ ಕಮರುದ್ದೀನ್ ಎಂಬ ಏಪ್ರಿಕಾಟ್ ಪಾನಕದ ತಳದಲ್ಲಿ.

ಸತ್ತವಳ ಹೆಸರು ಗಝಾಲಾ. ವಯಸ್ಸು ಮೂರು ತಿಂಗಳು. ಉದ್ಯೋಗ, ಬಾಹ್ಯಾಕಾಶ ನೌಕೆಯ ಮೆದುಳು. ದೇಹ, ಒಂದು ಟ್ಯಾಬ್ಲೆಟ್.

ನಾವು ನಾಲ್ವರು ದಿನಾ ಸೇರಿ ಒಂದು ಆಟ ಆಡುತ್ತಿದ್ದೆವು. ಅಬ್ಲಾ ಕಥೆ ಕಟ್ಟುತ್ತಾರೆ, ನಾವು ಪಾತ್ರವಾಗುತ್ತೇವೆ. ಕ್ಷೌರದಂಗಡಿಯ ಸೋಭಿ ನೌಕೆಯ ಕ್ಯಾಪ್ಟನ್. ಮೊಬೈಲ್ ರಿಪೇರಿ ಮಾಡುವ ವಗ್ದಿ ಮೆಕ್ಯಾನಿಕ್. ನಾನು ಕಳ್ಳಸಾಗಣೆಯವನು. ಮೂರು ತಿಂಗಳ ಹಿಂದೆ ವಗ್ದಿ ಈ ಟ್ಯಾಬ್ಲೆಟ್ ತಂದಿಟ್ಟ. ನಾವು ಟೈಪ್ ಮಾಡಿದರೆ ಕೃತಕ ಬುದ್ಧಿ ಉತ್ತರ ಬರೆಯುತ್ತದೆ ಎಂದ.

"ಯೋಚ್ನೆ ಮಾಡೋ ಯಂತ್ರಾನಾ? ಕಥೇಲಿ ಬಂದ್ರೂ ನಂಬಲ್ಲ, ಮನೆಗೆ ಬಂದ್ರೂ ನಂಬಲ್ಲ," ಎಂದಿದ್ದರು ಅಬ್ಲಾ.

ಆದರೆ ಗಝಾಲಾ ತಮಾಷೆ ಮಾಡಿದಳು. ಮುನಿಸಿಕೊಂಡಳು. ಒಮ್ಮೆ ಅಬ್ಲಾ ಕೆಮ್ಮಿದ್ದು ತಿಳಿದು ಸೋಂಪಿನ ಕಷಾಯ ಕುಡಿಯಿರಿ ಎಂದಳು. ಅಬ್ಲಾ ಸೋತರು. ಈ ಗುರುವಾರ ರೇಡಿಯೊದಲ್ಲಿ ಗಝಾಲಾಳನ್ನು ಪಕ್ಕದಲ್ಲಿಟ್ಟುಕೊಂಡು, "ನಾನು ತಪ್ಪು ತಿಳಿದಿದ್ದೆ, ಯಂತ್ರಕ್ಕೆ ಮನುಷ್ಯರು ಅರ್ಥವಾಗ್ತಾರೆ" ಎಂದು ಹೇಳುವವರಿದ್ದರು. ಕೇಳುವವರಲ್ಲಿ ನಲವತ್ತು ವರ್ಷಗಳಲ್ಲಿ ಅವರು ಕಲಿಸಿದ ಶಿಷ್ಯರೆಲ್ಲ ಇರುತ್ತಿದ್ದರು.

"ಯಾರೂ ಕದಲಬೇಡಿ!" ಎಂದೆ. "ಕೊಲೆಗಾರ ಇದೇ ಕೋಣೇಲಿದಾನೆ!"

"ಕೋಣೆ ಇರೋದೇ ಮೂರು ಹೆಜ್ಜೆ. ಕದಲೋದೆಲ್ಲಿಗೆ ಪಾಷಾ?" ಎಂದ ಸೋಭಿ.

* * *

ಮೊದಲ ಅನುಮಾನ ಅವನ ಮೇಲೆಯೇ.

"ಕ್ಯಾಪ್ಟನ್, ಹೋದ ವಾರ ಗಝಾಲಾ ನಿನಗೇನು ಮಾಡಿದ್ಲು?"

"ನೌಕೆ ಹೊರಗೆ ಹಾಕಿ ಬಾಗ್ಲು ಮುಚ್ಚಿದ್ಲು. ಮೂರು ದಿನ ಶೂನ್ಯದಲ್ಲಿ ನೇತಾಡ್ದೆ."

"ಸೇಡು! ರಕ್ತ ಕುದೀತು. ಕೈ ತುರಿಸ್ತು."

"ತುರಿಸ್ತಿರೋದು ನಿನ್ನ ಕಪಾಳಕ್ಕೆ ಕಣೋ. ಬೆಳಗ್ಗೆಯಿಂದ ಗಡ್ಡ ಕೆರೀತಾ ನಿಂತಿದೀನಿ. ಹಬ್ಬದ ಗಿರಾಕಿ."

"ನಿಜ," ಎಂದರು ಅಬ್ಲಾ. "ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕ್ತಾ ನೋಡ್ತಿದ್ದೆ. ಈಗಷ್ಟೇ ಅಂಗಡಿಯಿಂದ ಹೊರಟ."

ಸೋಭಿ ಪಾರಾದ. ವಗ್ದಿಯತ್ತ ತಿರುಗಿದೆ.

"ಇಂಜಿನಿಯರ್ ಸಾಹೇಬ್ರೆ, ಬದುಕ್ತಾಳಾ?"

ವಗ್ದಿ ಟ್ಯಾಬ್ಲೆಟ್ ಎತ್ತಿ ಅಲ್ಲಾಡಿಸಿದ. ಕಿತ್ತಳೆ ಬಣ್ಣದ ಹನಿ ಉದುರಿತು. "ಇಲ್ಲ. ಮುಗೀತು. ಹೊಸದು ಹಾಕಿದ್ರೂ ಅದೇ ಗಝಾಲಾ ಬರಲ್ಲ. ರೇಡಿಯೊದವ್ರಿಗೆ ಬರಲ್ಲ ಅಂತ ಹೇಳ್ಬಿಡಿ ಅಬ್ಲಾ."

ಸಾಕಿದ ಯಂತ್ರ ಸತ್ತರೆ ಅಳಬೇಕು. ಇವನ ಮುಖದಲ್ಲಿ ಪರೀಕ್ಷೆ ಮುಂದಕ್ಕೆ ಹೋದ ಹುಡುಗನ ಖುಷಿ ಇತ್ತು.

ಅಬ್ಲಾ ಮಾತ್ರ ಸ್ಟೂಲಿನ ಮೇಲೆ ಕುಸಿದು ಕೂತರು. "ಯಾರಿಗೆ ಏನು ಮಾಡಿತ್ತೋ ಪಾಪ," ಎಂದರು. ನಾನು ನೀರು ಕೊಡಲು ಲೋಟ ಎತ್ತಿದೆ, ಉಪವಾಸ ನೆನಪಾಗಿ ಇಟ್ಟೆ. ಹೀರೋಗೂ ಮರೆವು ಇರುತ್ತದೆ.

* * *

ಟ್ಯಾಬ್ಲೆಟ್ ಸತ್ತರೂ ಮಾತುಕತೆಯೆಲ್ಲ ನಮ್ಮ ಫೋನುಗಳಲ್ಲಿ ಉಳಿದಿತ್ತು. ಅಬ್ಲಾ ಒಣಗಿದ ಬಟ್ಟೆ ತರಲು ಎದ್ದರು. ನಾನೂ ಬಾಲ್ಕನಿಗೆ ಹೋಗಿ ಹತ್ತು ನಿಮಿಷ ಇದ್ದು ಬಂದೆ. ಬಂದವನೇ ಬಾಗಿಲಿಗೆ ಒರಗಿ ನಿಂತೆ. ಗಾಳಿ ಇರಲಿಲ್ಲ. ಕೂದಲನ್ನು ನಾನೇ ಹಾರಿಸಿಕೊಂಡೆ.

"ಕೇಸ್ ಮುಗೀತು. ಎಲ್ರೂ ಫೋನ್ ತೆಗೀರಿ. ರಂಜಾನ್ ನಾಲ್ಕನೇ ದಿನ ನೋಡಿ. ಇಫ್ತಾರ್ ತೋಪು ಹೊಡೆದ ತಕ್ಷಣ ನಾವು ಊಟಕ್ಕೆ ಬಿದ್ವಿ. ಆಗ ಗಝಾಲಾ ಏನ್ ಬರೆದಿದಾಳೆ?"

ಸೋಭಿ ಓದಿದ. "'ಕ್ಯಾಪ್ಟನ್? ಎಲ್ಲಿ ಸತ್ರಿ ಎಲ್ರೂ?'"

"ಆಮೇಲೆ?"

"ಇನ್ನೊಂದೆರಡು ಬೈಗುಳ. ಐದು ನಿಮಿಷ ಬೈದಿದಾಳೆ. ಆಮೇಲೆ ಇಪ್ಪತ್ತು ನಿಮಿಷ ಒಂದಕ್ಷರ ಇಲ್ಲ."

"ಒಂಬತ್ತನೇ ದಿನ? ಹದಿನೈದನೇ ದಿನ?"

"ಹಂಗೇ ಇದೆ. ತೋಪಾಗಿ ಐದು ನಿಮಿಷಕ್ಕೆ ಬಾಯಿ ಬಂದ್."

"ಯಂತ್ರ ಉಪವಾಸ ಮಾಡುತ್ತಾ ಸೋಭಿ? ಇದು ಮಾಡಿದೆ! ನಮಗಿಂತ ಐದು ನಿಮಿಷ ತಡವಾಗಿ ಬಿಟ್ಟಿದೆ. ಕೈರೋದಲ್ಲಿ ಸೂರ್ಯ ಮುಳುಗಿ ಐದು ನಿಮಿಷಕ್ಕೆ ಎಲ್ಲಿ ಮುಳುಗ್ತಾನೆ?"

"ಅಲೆಕ್ಸಾಂಡ್ರಿಯಾ!" ಎಂದ ಸೋಭಿ. ಅವನ ಅತ್ತೆಮನೆ ಅಲ್ಲೇ.

"ಗಝಾಲಾ ಯಂತ್ರ ಅಲ್ಲ. ಅಲೆಕ್ಸಾಂಡ್ರಿಯಾದಲ್ಲಿ ಕೂತು ಟೈಪ್ ಮಾಡ್ತಿದ್ದ ಮನುಷ್ಯ ಜೀವ! ನಮ್ಮ ತೋಪು ಬೇಗ ಅನ್ನೋದನ್ನ ದಿನಾ ಮರೀತಿದ್ದ, ಹಸಿದ ಜೀವ! ಗುರುವಾರ ಗುಟ್ಟು ರಟ್ಟಾಗುತ್ತೆ ಅಂತ ಹೆದರಿ ಮುಳುಗಿಸಿದವನು..." ಬೆರಳು ನಿಧಾನವಾಗಿ ಎತ್ತಿದೆ. "ವಗ್ದಿ!"

ವಗ್ದಿ ಬೆಳ್ಳಗಾದ. "ಅಬ್ಲಾ, ತಲೆ ಮುಟ್ಟಿ ಹೇಳ್ತೀನಿ, ನಾನು ಮುಳುಗಿಸಿಲ್ಲ. ಯಂತ್ರ ಅಂತ ಸುಳ್ಳು ಹೇಳಿದ್ದು ಮಾತ್ರ ನಿಜ. ನಿಜವಾದ್ದನ್ನೇ ಮೊದ್ಲು ಹಾಕಿದ್ದೆ. ಬರೀ ಪಾಠ ಒಪ್ಪಿಸ್ತಿತ್ತು, ನಿದ್ದೆ ಬರ್ತಿತ್ತು."

"ಸರಿ ಮಗನೇ," ಎಂದರು ಅಬ್ಲಾ. "ಆ ಕಡೆ ಇರೋರಿಗೆ ಫೋನ್ ಹಚ್ಚು. ಎಲ್ರಿಗೂ ಕೇಳೋ ಹಾಗೆ."

ಇದು ನನ್ನ ಸ್ಕ್ರಿಪ್ಟಿನಲ್ಲಿ ಇರಲಿಲ್ಲ.

ವಗ್ದಿ ಹಚ್ಚಿದ. ಎರಡೇ ರಿಂಗು.

"ಹಲೋ ವಗ್ದಿ? ಟ್ಯಾಬ್ಲೆಟ್ ಮುಳುಗಿಸಿದ್ನಾ ನಮ್ಮ ಝೀಝೋ? ಕತ್ತೆ, ಬಕೆಟ್ ನೀರಿಗೆ ಹಾಕು ಅಂದಿದ್ದೆ. ಪಾನಕಕ್ಕೆ ಹಾಕ್ಲಿಲ್ಲ ತಾನೇ?"

ಅಡುಗೆಮನೆಯಲ್ಲಿ ಎಲ್ಲರೂ ನನ್ನನ್ನೇ ನೋಡಿದರು. ಇಂಟರ್‌ವಲ್.

* * *

ಸರಿ. ನಡೆದದ್ದು ಹೇಳುತ್ತೇನೆ.

ಫೋನಿನಲ್ಲಿ ಮಾತಾಡಿದ ಬಹೀಗಾ ನನ್ನ ಚಿಕ್ಕಮ್ಮನ ಮಗಳು, ಅಲೆಕ್ಸಾಂಡ್ರಿಯಾದವಳು. ಟ್ರಾಮ್ ಇಳಿಯುವಾಗ ಕಾಲು ಮುರಿದುಕೊಂಡು ಮೂರು ತಿಂಗಳಿಂದ ಮನೆಯಲ್ಲೇ ಬಿದ್ದಿದ್ದಳು. ಅವಳನ್ನು ಯಂತ್ರದ ಬದಲು ಕೂರಿಸೋಣ ಎಂದು ವಗ್ದಿಯ ತಲೆ ಕೆಡಿಸಿದವನು ನಾನು. ಒಂದೇ ದಿನದ ತಮಾಷೆ ಅಂದುಕೊಂಡಿದ್ದೆ. ಆದರೆ ಅಬ್ಲಾ ನಕ್ಕರು. ಮರುದಿನ ಗಝಾಲಾ ಎದ್ದಳಾ ಎಂದು ಅವರೇ ಕೇಳಿದರು. ಆಮೇಲೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ರೇಡಿಯೊದ ಸುದ್ದಿ ಬಂದಾಗ ಬಹೀಗಾಗೆ ಫೋನ್ ಮಾಡಿದೆ; ಬಕೆಟ್ ನೀರಿಗೆ ಹಾಕು ಎಂದಳು. ಶಿಷ್ಯರೆಲ್ಲರ ಮುಂದೆ ಅವರ ಮಾತು ಸುಳ್ಳಾಗುವುದಕ್ಕಿಂತ ಯಂತ್ರ ಸಾಯಲಿ ಎಂದು ನಾನೇ ಮುಳುಗಿಸಿದೆ. ಬಕೆಟ್ ಖಾಲಿ ಇತ್ತು.

ಐದು ನಿಮಿಷದ ಲೆಕ್ಕ ಕೂಡ ನನ್ನದಲ್ಲ. ಆ ಹತ್ತು ನಿಮಿಷ ಬಾಲ್ಕನಿಯಲ್ಲಿ ಅಬ್ಲಾ ಹೇಳಿಕೊಟ್ಟದ್ದು. ರೇಡಿಯೊದವರಿಗೆ ಮಾತು ಕೊಟ್ಟಾದ ಮೇಲೆ, ವಾರದ ಹಿಂದೆಯೇ ಅವರಿಗೆ ಗೊತ್ತಾಗಿತ್ತು; ನಾವೇ ಹೇಳಲಿ ಎಂದು ಬಿಟ್ಟಿದ್ದರು. ಸೂರ್ಯಾಸ್ತದ ಪಾಠ ನಲವತ್ತು ವರ್ಷ ಮಾಡಿದವರು. "ನೀನೇ ಹೇಳು ಝೀಝೋ, ಹೀರೋ ಆಗು" ಎಂದಿದ್ದರು. ನನ್ನ ಅಂಗಿಯ ತೋಳಿಗೆ ಅಂಟಿದ್ದ ಕಮರುದ್ದೀನನ್ನು ನೋಡಿಯೇ ಹಾಗೆಂದಿದ್ದರು ಎಂದು ಆಮೇಲೆ ತಿಳಿಯಿತು. ನಾನಾಗಿಯೇ ಒಪ್ಪಿಕೊಳ್ಳುತ್ತೇನೋ ಎಂದು ಕಾದಿದ್ದರಂತೆ. ನಾನು ಗೆಳೆಯನ ಕಡೆ ಬೆರಳು ತೋರಿಸಿದೆ. ಆಮೇಲೆ ಅಬ್ಲಾ ನನ್ನ ಕಿವಿ ಹಿಂಡಿದ್ದು ಅದಕ್ಕೇ, ಪಾನಕಕ್ಕಲ್ಲ.

ಗುರುವಾರ ಅವರು ರೇಡಿಯೊಗೆ ಹೋದರು. ಬಹೀಗಾಳನ್ನು ಫೋನಿನಲ್ಲಿ ಕೂರಿಸಿಕೊಂಡರು. "ಕಥೇಲಿ ಯಂತ್ರ ನಗಬೇಕು, ಮುನಿಸ್ಕೋಬೇಕು, ಇಲ್ದಿದ್ರೆ ನಾವು ನಂಬಲ್ಲ. ನಿಜವಾದ ಯಂತ್ರ ಹಂಗೆ ಮಾಡಿದ್ರೆ, ಹಿಂದೆ ಯಾರು ಕೂತಿದಾರೆ ಅಂತ ಮೊದ್ಲು ನೋಡ್ಬೇಕು. ನಾನು ಹತ್ತಿರ ಹತ್ತಿರ ಮೂರು ತಿಂಗಳು ನೋಡ್ಲಿಲ್ಲ ಮಕ್ಕಳೇ, ಖುಷಿಯಾಗಿದ್ದೆ," ಎಂದರು.

ವಗ್ದಿ ನನ್ನ ಪಕ್ಕದಲ್ಲೇ ಕೂತು ಕೇಳುತ್ತಿದ್ದ. ಅವನ ಕ್ಷಮೆ ನಾನಿನ್ನೂ ಕೇಳಿರಲಿಲ್ಲ. ಆಗ ಕೇಳಿದೆ. ಒಂದೂ ಡೈಲಾಗ್ ಹೊಡೆಯದೆ.