ಬಿಸಿಲಿಗೆ ಹಳದಿಯಾದ ನುಣುಪು ಕಾಗದ

1984ರ ಏಪ್ರಿಲ್ ಹನ್ನೆರಡರ ಬೆಳಿಗ್ಗೆ ಮುದ್ರಕ ಅಮೀರ್ ಸಾಬ್ ರಾಯಚೂರಿನ ಠಾಣೆಗೆ ಬಂದು ದೂರು ಕೊಟ್ಟರು. ಮಾನ್ವಿಯ ಅಕ್ಕಿ ಗಿರಣಿಗೆ ಅವರು ಅಚ್ಚು ಹಾಕಿಕೊಟ್ಟಿದ್ದ ಯುಗಾದಿ ಕ್ಯಾಲೆಂಡರುಗಳು ಬಿಸಿಲು ತಾಕಿದಲ್ಲೆಲ್ಲ ಹಳದಿಗಟ್ಟಿದ್ದವು. ತಮ್ಮ ಮುದ್ರಣಾಲಯದ ಗೋದಾಮು ನೋಡಿಕೊಳ್ಳುವ ಸೂಗಮ್ಮ ಒಳ್ಳೆಯ ಆರ್ಟ್ ಪೇಪರ್ ಮಾರಿಕೊಂಡು ಕಳಪೆ ಕಾಗದ ಇಟ್ಟಿದ್ದಾಳೆ ಎಂಬುದು ಅವರ ಆರೋಪ. ಎಫ್‌ಐಆರ್ ದಾಖಲಾಯಿತು.

"ಮದಿವ್ಯಾದಾಗಿಂದ ಅಲ್ಲೇ ದುಡಿಯಾಕತ್ತೀನ್ರಿ," ಎಂದಳು ಸೂಗಮ್ಮ. "ಒಂದ್ ಹಾಳಿ ಮುಟ್ಟಿಲ್ರಿ."

ಇನ್ಸ್‌ಪೆಕ್ಟರ್ ಹಂಪಯ್ಯ ಗೋದಾಮು ನೋಡಿದರು. ಒಂದು ಬಂಡಲ್ ಇನ್ನೂ ಒಡೆದಿರಲಿಲ್ಲ; ಕಾಗದ ಕಾರ್ಖಾನೆಯ ಅರಗಿನ ಮುದ್ರೆ ಹಾಗೇ ಇತ್ತು. ಪಂಚರ ಎದುರು ಅದನ್ನು ಒಡೆಸಿ, ಒಂದು ಹಾಳೆ ತಂದು ಠಾಣೆಯ ಮಾಳಿಗೆಯ ಮೇಲೆ ಬಿಸಿಲಿಗಿಟ್ಟರು. ಅರ್ಧ ಹಾಳೆಗೆ ರಟ್ಟು ಮುಚ್ಚಿ ಮೇಲೊಂದು ಕಲ್ಲು ಹೇರಿದರು. ಹೊತ್ತು ಹೊತ್ತಿಗೂ ಮೇಲೆ ಹತ್ತಿ ನೋಡುವ ಸಾಹೇಬರನ್ನು ಕಂಡು ಕಾನ್‌ಸ್ಟೇಬಲ್ ಸಾಬಣ್ಣನಿಗೆ ನಗು.

"ಹಪ್ಪಳ ಒಣಗಿಸಿದಂಗಾತಲ್ರಿ, ಸರ."

ವಾರದೊಳಗೆ ರಟ್ಟಿನ ಹೊರಗಿದ್ದ ಅರ್ಧ ಹಳದಿಯಾಯಿತು. ಅಂದರೆ ಕಾಗದ ಬದಲಾದದ್ದು ಗೋದಾಮಿನಲ್ಲಲ್ಲ, ಕಾರ್ಖಾನೆಯಲ್ಲಿ, ಮುದ್ರೆ ಬೀಳುವ ಮೊದಲೇ. ಅಮೀರ್ ಸಾಬ್ ತಾವೇ ಸೂಗಮ್ಮನ ಮನೆಗೆ ಹೋಗಿ ಅವಳನ್ನು ಮತ್ತೆ ಕೆಲಸಕ್ಕೆ ಕರೆದರು.

ಊರ ಹೊರಗಿನ ಆ ಕಾರ್ಖಾನೆಯಲ್ಲಿ ಮುದ್ರೆ ಒತ್ತುವವನು ಪರೀಕ್ಷಾಲಯದ ವೆಂಕೋಬ.

"ಈ ಹಾಳಿ ಯಾರು ಮಾಡಿದ್ದು?" ಹಂಪಯ್ಯ ಕೇಳಿದರು.

ವೆಂಕೋಬ ಹಳದಿಯ ಮೇಲೆ ಬೆರಳಾಡಿಸಿದ. "ನಾನ್ರಿ. ಪರೀಕ್ಷೆಯ ಸಣ್ಣ ಮಷಿನ್ನಿನಾಗ."

"ಏನು ಹಾಕಿ?"

"ಕಟ್ಟಿಗಿ ತಿರುಳ್ರಿ. ಔಷಧದಾಗ ಕುದಿಸಿದ್ರ ಅರ್ಧ ಕಟ್ಟಿಗಿ ಕರಗಿ ಹೋಗ್ತದ. ಕುದಿಸದೇ ಹಂಗ ಅರದು ತಿರುಳು ಮಾಡಿದ್ರ ಭಾಳಷ್ಟು ಉಳೀತದ. ಅದನ್ನ ಬೆರಸಿ, ಮ್ಯಾಲ ಬಿಳಿ ಜೇಡಿ ಬಳದ್ರ ಇಷ್ಟು ನುಣುಪು."

"ಹಳದಿ ಯಾಕಾತು?"

"ಕರಗದೇ ಉಳಿದದ್ದ ಬಿಸಿಲಿಗೆ ಹಳದಿ ಆಗ್ತದ್ರಿ. ಜೇಡಿ ತಡೀತದ ಅನ್ಕೊಂಡಿದ್ದೆ."

"ಒಳ್ಳೆ ಕಾಗದ ಯಾರಿಗೆ ಮಾರಿದಿ?"

"ಮಾರಿಲ್ರಿ."

ದೇವದುರ್ಗದ ಅವನ ಮನೆಯಲ್ಲಿ ಪಂಚನಾಮೆ ನಡೆಯಿತು. ಜೋಳದ ಚೀಲಗಳ ಹಿಂದೆ ಒಳ್ಳೆಯ ಕಾಗದದ ಬಂಡಲುಗಳು ಅಷ್ಟೂ ಇದ್ದವು, ಒಂದನ್ನೂ ಒಡೆದಿರಲಿಲ್ಲ. ವೆಂಕೋಬನನ್ನು ಬಂಧಿಸಿ ಜೀಪಿಗೆ ಹತ್ತಿಸಿದರು.

"ಮಾರೂದಿಲ್ಲಂದ್ರ ಯಾಕ ಬದಲಿಸಿದಿ?" ದಾರಿಯಲ್ಲಿ ಹಂಪಯ್ಯ ಕೇಳಿದರು.

"ನಾ ಮಾಡಿದ್ದರ ಮ್ಯಾಲ ಬಣ್ಣದ ಅಚ್ಚು ಕೂಡ್ರೂದಿಲ್ಲ ಅಂತ ಮ್ಯಾನೇಜರ್ ಹಾಳಿ ಮುಟ್ಟಿ ಸೈತ ನೋಡ್ಲಿಲ್ರಿ. ಒಮ್ಮಿ ಅಚ್ಚಾಗಲಿ, ಆಮ್ಯಾಲ ಹೇಳೂಣು ಅನ್ಕೊಂಡೆ."

"ನಿನ್ನ ಸಲುವಾಗಿ ಒಬ್ಬ ಹೆಣ್ಮಗಳು ಕಳ್ಳಿ ಅನಿಸ್ಕೊಂಡ್ಳು."

ವೆಂಕೋಬ ತಲೆ ತಗ್ಗಿಸಿದ. ಜೀಪು ಗಬ್ಬೂರು ದಾಟಿತು. ಆಮೇಲೆ ಮೆಲ್ಲಗೆ ಕೇಳಿದ:

"ಸಾಹೇಬ್ರ, ಅಚ್ಚು ಹೆಂಗ ಬಂದಿತ್ರಿ?"

ಕ್ಯಾಲೆಂಡರಿನಲ್ಲಿದ್ದ ಗಿಣಿಯ ರೆಕ್ಕೆಯ ಹಸಿರು ಹಂಪಯ್ಯನ ಕಣ್ಣಿಗೆ ಕಟ್ಟಿತು.

"ಚೊಲೋ ಬಂದಿತ್ತು," ಎಂದರು.

ವೆಂಕೋಬ ಬೇಡಿ ಹಾಕಿದ ಕೈಗಳಲ್ಲಿ ಮುಖ ಮುಚ್ಚಿಕೊಂಡ.